ಬಾಗಿಲ ಹತ್ತಿರದ ಕುರ್ಚಿ

ಹೆರಿಗೆಯಾಗಿ ಐದನೇ ವಾರ. ಕ್ಲೆಮೆಂಟಿಯ ನಮ್ಮ ಬ್ಲಾಕ್‌ನ ನೆಲಮಹಡಿಯ ತೆರೆದ ಜಾಗದಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವಲ್ಲಿ, ಮಗಳನ್ನು ಪ್ರಾಮ್‌ನಲ್ಲಿ ಮಲಗಿಸಿಕೊಂಡು ಲಿಫ್ಟ್‌ಗೆ ಕಾಯುತ್ತಿದ್ದೆ. ಹೊಟ್ಟೆಯಲ್ಲಿ ಸಣ್ಣ ಸಂಕಟ. ಲಿಫ್ಟ್ ಒಂಬತ್ತರಲ್ಲಿತ್ತು. ಎಂಟಕ್ಕೆ ಬಂತು. ಏಳು.

ಅಷ್ಟರಲ್ಲಿ ಆಗಿಹೋಯಿತು.

ಬ್ಯಾಂಕಿನಲ್ಲಿ ಹತ್ತು ಜನರ ಟೀಮ್ ನಡೆಸುವ, ಮೂವತ್ತೆರಡು ವರ್ಷದ ನಾನು ನಿಂತಲ್ಲೇ ಬಟ್ಟೆ ಹಾಳು ಮಾಡಿಕೊಂಡಿದ್ದೆ. ಪಕ್ಕದ ಮನೆಯ ಚೀನೀ ಆಂಟಿ ಮೂಗು ಮುಚ್ಚಿ, ಪ್ರಾಮ್ ನೋಡಿ ನಕ್ಕರು. ನಾನೂ ನಕ್ಕೆ. ಏನೂ ಅರಿಯದ ಕೂಸಿನ ಮೇಲೆ ಮೊದಲ ಅಪವಾದ ಹೊರಿಸಿದವಳು ಹೆತ್ತ ತಾಯಿಯೇ.

ಯಾರಿಗೂ ಹೇಳಲಿಲ್ಲ. ಬೆಳಗಾಗುವ ಮೊದಲೇ ಟುವಾಸ್‌ನ ಫ್ಯಾಕ್ಟರಿಗೆ ಹೊರಡುವ ಗಂಡನಿಗೂ ಇಲ್ಲ, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮನಿಗಂತೂ ಇಲ್ಲವೇ ಇಲ್ಲ. ಪ್ಯಾಡ್ ಹಾಕಿಕೊಂಡು ಮನೆಯಲ್ಲೇ ಉಳಿದೆ. ನಾಮಕರಣವನ್ನು ಎರಡು ಸಲ ಮುಂದೂಡಿದೆ. ಅಷ್ಟು ಜನರ ಮುಂದೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಮಣೆಯ ಮೇಲೆ ಕೂರುವುದು ನನ್ನಿಂದಾಗದ ಮಾತಾಗಿತ್ತು. ಬರ್ತ್ ಸರ್ಟಿಫಿಕೇಟ್‌ನಲ್ಲಿ ಹೆಸರಿತ್ತು, ಅವಳ ಕಿವಿಯಲ್ಲಿ ಹೇಳಿರಲಿಲ್ಲ.

ನಾನು ಹೊತ್ತುಹೊತ್ತಿಗೆ ಬಾತ್‌ರೂಮಿಗೆ ಓಡುವುದನ್ನು ಅಮ್ಮ ಗಮನಿಸಿದ್ದಳು. ಮಲಬದ್ಧತೆ ಎಂದು ತಾನೇ ತೀರ್ಮಾನಿಸಿದಳು. ಅನ್ನದ ಮೇಲೆ ತುಪ್ಪ ಎರಡು ಪಟ್ಟಾಯಿತು. ಬೆಳಿಗ್ಗೆ ಬಾಣಂತಿ ಲೇಹ್ಯದ ಜೊತೆ ಒಣದ್ರಾಕ್ಷಿ ನೆನೆಸಿದ ನೀರು ಸೇರಿತು. ನಾನು ಓಡಿದಷ್ಟೂ ಅವಳು ಬಡಿಸಿದಳು.

ಎರಡನೇ ತಿಂಗಳ ಚೆಕಪ್‌ನಲ್ಲಿ ಡಾಕ್ಟರ್, ಮೋಷನ್ ಮೇಲೆ ಹಿಡಿತ ಇದೆಯೇ ಎಂದು ಸಲೀಸಾಗಿ ಕೇಳಿದರು. ಅದನ್ನು ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಅತ್ತುಬಿಟ್ಟೆ. ಫೋರ್ಸೆಪ್ಸ್ ಹೆರಿಗೆಯಲ್ಲಿ ಗುದದ ಸ್ನಾಯು ಹರಿದಿತ್ತು. ಆಗಲೇ ಹಾಕಿದ್ದ ಹೊಲಿಗೆ ಗಟ್ಟಿಯಾಗಿದೆ, ಸ್ನಾಯು ಸೋತಿದೆ ಅಷ್ಟೇ ಎಂದು ಸ್ಕ್ಯಾನ್ ನೋಡಿ ಹೇಳಿದರು. ಸರ್ಜರಿಯ ಮಾತು ಈಗ ಬೇಡ, ಮೊದಲು ಆ ಸ್ನಾಯುಗಳಿಗೆ ಬಲ ತರುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಎಂದರು.

ಅಲ್ಲಿ ಬಯೋಫೀಡ್‌ಬ್ಯಾಕ್ ಎಂಬುದಿತ್ತು. ಒಳಗೆ ಒಂದು ಸಣ್ಣ ಸೆನ್ಸರ್. ನಾನು ಬಿಗಿ ಹಿಡಿದರೆ ಸ್ಕ್ರೀನ್ ಮೇಲಿನ ಗೆರೆ ಏಳಬೇಕು. ಮೊದಲ ದಿನ ಅದು ಮಲಗಿದ ಜಾಗದಿಂದ ಏಳಲೇ ಇಲ್ಲ. ಫಿಸಿಯೋ ಒಂದು ವಾರ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದಳು. ತಂದಾಗ ತುಪ್ಪ, ಲೇಹ್ಯ, ದ್ರಾಕ್ಷಿ ನೀರಿಗೆ ಒಂದೊಂದಾಗಿ ಸುತ್ತು ಹಾಕಿ, ಅಡುಗೆ ಮಾಡುವವರಿಗೆ ಹೇಳಲೇಬೇಕು ಎಂದಳು.

ಆ ಸಂಜೆ ಅಮ್ಮ ತುಪ್ಪದ ಡಬ್ಬಿ ತೆಗೆದಾಗ ಕೈ ಹಿಡಿದೆ.

"ಬೇಡಮ್ಮ. ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ. ಬಟ್ಟೇಲೇ ಆಗೋಗತ್ತೆ."

ಅಮ್ಮ ಡಬ್ಬಿ ಮುಚ್ಚಿದಳು. ಕುರ್ಚಿ ಎಳೆದು ನನ್ನೆದುರು ಕೂತಳು.

"ನಂಗೂ ಹಂಗೇ ಕಣೇ. ನೀನು ಹುಟ್ಟಿದಾಗಿಂದ."

ಮೂವತ್ತೆರಡು ವರ್ಷ.

ಮದುವೆಮನೆಗಳಲ್ಲಿ ಅಮ್ಮ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಕೂತವಳಲ್ಲ. ಅದೆಲ್ಲ ಅವಳ ಸಂಕೋಚ ಎಂದು ನಾವು ಗೇಲಿ ಮಾಡುತ್ತಿದ್ದೆವು. ನಾಚಿಕೆ ಅವಳನ್ನು ಇಷ್ಟು ವರ್ಷ ಕಟ್ಟಿಹಾಕಿತ್ತು, ನನ್ನನ್ನೂ ಇನ್ನೇನು ಕಟ್ಟಿಹಾಕುವುದರಲ್ಲಿತ್ತು.

ಮರುದಿನದಿಂದ ಊಟದ ಟೇಬಲ್ಲಿನ ಆಚೆಗೊಬ್ಬಳು ಈಚೆಗೊಬ್ಬಳು. ಬಿಗಿ ಹಿಡಿ, ಹತ್ತರವರೆಗೆ ಎಣಿಸು, ಬಿಡು. ತುಪ್ಪ ಒಂದು ಚಮಚಕ್ಕೆ ಇಳಿಯಿತು, ಇಸಬ್‌ಗೋಲ್ ಬಂತು, ಹೊರಗೆ ಹೋಗುವ ದಿನಕ್ಕೆ ಡಾಕ್ಟರ್ ಕೊಟ್ಟ ಮಾತ್ರೆ. ವಿಷಯ ತಿಳಿದ ಗಂಡ ದಿನಕ್ಕೆ ಮೂರು ಸಲ ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟ. ಎಂಟು ವಾರಕ್ಕೆ ಸ್ಕ್ರೀನಿನ ಗೆರೆ ಎದ್ದು ನಿಂತಿತು. ಪೂರ್ತಿ ವಾಸಿಯಾಗಿಲ್ಲ. ಬ್ಯಾಗಿನಲ್ಲಿ ಇನ್ನೂ ಒಂದು ಜೊತೆ ಬಟ್ಟೆ ಇರುತ್ತದೆ, ಅದನ್ನು ಬಳಸಬೇಕಾಗಿ ಬಂದು ಮಾತ್ರ ತಿಂಗಳಾಯಿತು. ಊರಿಗೆ ಹೋದಮೇಲೆ ಡಾಕ್ಟರಿಗೆ ತೋರಿಸಲು ಅಮ್ಮನೂ ಒಪ್ಪಿದ್ದಾಳೆ.

ಹೋದ ಭಾನುವಾರ ನಾಮಕರಣ. ಮಣೆಯ ಮೇಲೆ ಒಂದು ಗಂಟೆಗೂ ಹೆಚ್ಚು ಕೂತೆ. ಮಗಳ ಕಿವಿಯಲ್ಲಿ ಹೆಸರು ಹೇಳಿ, ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಅಲ್ಲಿನ ಕುರ್ಚಿ ಖಾಲಿಯಿತ್ತು. ಅಮ್ಮ ಮುಂದಿನ ಸಾಲಿನಲ್ಲಿ, ಹೆಂಗಸರ ನಡುವೆ ಕೂತು ತುಟಿ ಅಲುಗಿಸುತ್ತಿದ್ದಳು. ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡು ಪಕ್ಕದವರು ಕೈ ಮುಗಿದರು.

ಅವಳು ಹತ್ತರವರೆಗೆ ಎಣಿಸುತ್ತಿದ್ದಳು.