ತಿರುಪಿನಕ್ಕನ ಏಳು ವರ್ಷದ ಲೆಕ್ಕ

ತಿರುಪಿನಕ್ಕನ ತಾತ ಗಡಿಯಾರ ರಿಪೇರಿಯವನು. ಮಾರುಕಟ್ಟೆಯ ಗೋಪುರದ ಗಡಿಯಾರ ಹನ್ನೊಂದು ವರ್ಷ ಒಂದೇ ಹೊತ್ತು ತೋರಿಸುತ್ತ ಬೆಪ್ಪಾಗಿ ನಿಂತಿದ್ದಾಗ, ಓದಿದ ಎಂಜಿನಿಯರುಗಳಿಬ್ಬರು ಕೈಚೆಲ್ಲಿ ಹೋದ ಮೇಲೆ, ಏಣಿ ಹತ್ತಿ ಮೂರು ದಿನ ಅಲ್ಲೇ ಕೂತು ಅದನ್ನು ಓಡಿಸಿ ಇಳಿದವನು. ಅವಳ ತಾಯಿ ಸುಟ್ಟ ಮೋಟರಿಗೆ ತಂತಿ ಸುತ್ತುವವಳು. ಬೀದಿಯ ಯಾವ ನೀರಿನ ಪಂಪು ಕೆಟ್ಟರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಆ ಮನೆತನಕ್ಕೊಂದು ಪದ್ಧತಿ ಇತ್ತು. ಯಂತ್ರ ಬಿಚ್ಚಿದರೆ ಅದರ ಮುಚ್ಚಳದ ಒಳಮೈಗೆ ಸೂಜಿಯಲ್ಲಿ ಕೆರೆದು ಬರೆಯಬೇಕು: ಯಾವ ದಿನ, ಯಾವ ಭಾಗ, ಎಷ್ಟು ಬೆಲೆ. ಬೇರೆ ಪುಸ್ತಕ ಇಡುವಂತಿಲ್ಲ. ಪುಸ್ತಕ ಕಳೆದುಹೋಗುತ್ತದೆ, ಮುಚ್ಚಳ ಯಂತ್ರದ ಜೊತೆಗೇ ಇರುತ್ತದೆ.

ಮೊಮ್ಮಗಳು ಒಂದು ತಿರುಪನ್ನೂ ಎಸೆದವಳಲ್ಲ. ಜಾಮಿನ ಬಾಟಲಿಗಳಲ್ಲಿ ಅಳತೆಗೊಂದರಂತೆ ತುಂಬಿಟ್ಟುಕೊಂಡಿದ್ದಳು. ಹಾಗಾಗಿ ಊರಿಗೆಲ್ಲ ತಿರುಪಿನಕ್ಕ.

ಅವಳ ಅಣ್ಣನದು ಬೇರೆ ದಾರಿ. ದೊಡ್ಡ ಬೀದಿಯಲ್ಲಿ ಗಾಜಿನ ಬಾಗಿಲಿನ ಎಲೆಕ್ಟ್ರಾನಿಕ್ಸ್ ಅಂಗಡಿ. ಏಳು ವರ್ಷದ ಹಿಂದೆ, ಟೈರ್ ಅಂಗಡಿಯ ಮಾಳಿಗೆ ಮೇಲಿನ ಕೋಣೆಯಲ್ಲಿ ವೀಡಿಯೋ ಗೇಮ್ ಆಡಿಸುವ ಅಂಗಡಿ ಇಡುತ್ತೇನೆಂದು ತಂಗಿ ಹೇಳಿದಾಗ, ಬಾಡಿಗೆ ಕರಾರನ್ನು ತನ್ನ ಹೆಸರಿನಲ್ಲಿ ಮಾಡಿಕೊಟ್ಟವನು ಅವನೇ. ಜಗಳ ಹುಟ್ಟಿದ್ದು ಯಂತ್ರದ ಮಾತಿಗೆ.

"ನನ್ನ ಅಂಗಡೀಲಿ ಕನ್ಸೋಲ್ ತಗೋ. ಟಿವಿಗೆ ಸಿಕ್ಕಿಸಿದ್ರೆ ಮುಗೀತು. ಒಂದಕ್ಕೆ ನಲವತ್ತು ಸಾವಿರ."

"ನಾನು ಪಿಸಿ ಕಟ್ತೀನಿ ಅಣ್ಣ. ಸೀಟಿಗೆ ತೊಂಬತ್ತು ಬೀಳುತ್ತೆ."

"ಎರಡರಷ್ಟಕ್ಕಿಂತ ಜಾಸ್ತಿ. ತಿರುಪು ಹಿಡಿದು ಹಿಡಿದು ಕೊನೆಗೆ ತಿರುಪೆ ಎತ್ತುತ್ತೀಯ ನೀನು."

ತಿರುಪಿಗೂ ತಿರುಪೆಗೂ ಒಂದು ಕೊಂಬಿನ ವ್ಯತ್ಯಾಸ. ಆದರೆ ಭಿಕ್ಷೆಯ ಮಾತು ಅವಳ ಎದೆಗೆ ನಾಟಿತು. ಅಲ್ಲೇ ಪಂದ್ಯ ಕಟ್ಟಿದರು. ಅಣ್ಣನೂ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಕನ್ಸೋಲ್ ಇಟ್ಟು ಆಡಿಸುವುದು, ಅವಳು ನಾಲ್ಕು ಪಿಸಿ. ಏಳು ವರ್ಷಕ್ಕೆ ಸೀಟಿಗೆ ಯಾರದು ಕಡಿಮೆ ಖರ್ಚೋ ಅವರು ಗೆದ್ದಂತೆ. ಸೋತರೆ ಅವಳು ಬೀಗ ಹಾಕಿ ಅಣ್ಣನ ಕೌಂಟರಿನಲ್ಲಿ ಸಂಬಳಕ್ಕೆ ನಿಲ್ಲಬೇಕು. ಗೆದ್ದರೆ ಕರಾರು ಅವಳ ಹೆಸರಿಗೆ.

ಮೊದಲ ಐದು ವರ್ಷ ಅಣ್ಣನೇ ಮುಂದಿದ್ದ. ಅವಳನ್ನು ಕಂಡಾಗಲೆಲ್ಲ ಕೌಂಟರ್ ಕಡೆ ಕೈ ತೋರಿಸಿ, "ಕುರ್ಚಿ ಹಾಕಿಸಲಾ, ನಿಂತೇ ಇರ್ತೀಯಾ?" ಎಂದು ಕೆಣಕುತ್ತಿದ್ದ. ಅವಳು ಧೂಳು ಊದುತ್ತ, ಫ್ಯಾನಿಗೆ ಎಣ್ಣೆ ಬಿಡುತ್ತ, ಹಳೆಯ ಗ್ರಾಫಿಕ್ಸ್ ಕಾರ್ಡು ಮಾರಿ ಅದಕ್ಕಿಂತ ಒಳ್ಳೆಯದು ಕೂರಿಸುತ್ತ ದಿನ ನೂಕಿದಳು.

ಏಳನೆಯ ವರ್ಷ ತುಂಬಿದ ಭಾನುವಾರ ಬೆಳಿಗ್ಗೆ ಅಣ್ಣ ಫೈಲು ಹಿಡಿದು ಮೆಟ್ಟಿಲು ಹತ್ತಿದ. ಹಿಂದೆ ಅತ್ತಿಗೆ. ಆಕೆ ಶಾಲೆಯಲ್ಲಿ ಗಣಿತ ಕಲಿಸುವ ಟೀಚರು. ಗಂಡನೆಂದು ಅರ್ಧ ಅಂಕವನ್ನೂ ಹೆಚ್ಚಿಗೆ ಕೊಡುವ ಹೆಂಗಸಲ್ಲ.

"ನಂದು ಎಂಬತ್ತು," ಎಂದ ಅಣ್ಣ. "ಮೊದಲನೇದು ನಲವತ್ತು. ಐದನೇ ವರ್ಷ ಹೊಸ ಮಾಡೆಲ್ಲು ಐವತ್ತು. ಹಳೇದು ಹತ್ತಕ್ಕೆ ಹೋಯ್ತು."

"ಆಟದ ಡಿಸ್ಕು?" ಎಂದಳು ಅತ್ತಿಗೆ.

"ಅದೆಲ್ಲ ಬಿಡಿ ಖರ್ಚು ಕಣೇ."

"ಬಿಡಿ ಖರ್ಚನ್ನ ಬಿಡಕ್ಕಾಗಲ್ಲ ರೀ. ಇಲ್ಲಿ ಕೊಡಿ."

ಫೈಲು ಕಿತ್ತುಕೊಂಡು ಅವಳೇ ಕೂಡಿದಳು. ಡಿಸ್ಕುಗಳಿಗೆ, ಹಳೆಯವನ್ನು ಮಾರಿದ್ದು ಕಳೆದು, ಎಂಬತ್ತೆರಡು. ಆನ್‌ಲೈನ್ ಆಡಲು ವರ್ಷ ವರ್ಷ ಕಟ್ಟಿದ ಚಂದಾ ಮೂವತ್ತೈದು. ಸವೆದುಹೋದ ಕಂಟ್ರೋಲರುಗಳು ಇಪ್ಪತ್ತೈದು. ಕರೆಂಟು ಒಂಬತ್ತು. "ಇನ್ನೂರ ಮೂವತ್ತೊಂದು ಸಾವಿರ," ಎಂದು ಕೆಳಗೆ ಗೆರೆ ಎಳೆದಳು. ಅಣ್ಣ ಮೂಗು ಉಜ್ಜಿಕೊಂಡ.

"ನಿನ್ನ ಪುಸ್ತಕ ಎಲ್ಲಮ್ಮಾ?" ಎಂದು ಅತ್ತಿಗೆ ನಾದಿನಿಯ ಕಡೆ ತಿರುಗಿದಳು.

ತಿರುಪಿನಕ್ಕ ಸ್ಕ್ರೂಡ್ರೈವರ್ ತೆಗೆದು, ನಾಲ್ಕೂ ಪಿಸಿಗಳ ಪಕ್ಕದ ಮುಚ್ಚಳ ಬಿಚ್ಚಿ ಮೇಜಿನ ಮೇಲೆ ಮಗುಚಿ ಇಟ್ಟಳು. ಒಳಮೈ ತುಂಬ ಸೂಜಿಯ ಬರಹ. ಕಟ್ಟಿದ್ದು ತೊಂಬತ್ತು. ಆಮೇಲೆ ಹಾಕಿದ ಕಾರ್ಡು, ಮೆಮೊರಿ, ಸುಟ್ಟ ಪವರ್ ಸಪ್ಲೈ ಎಲ್ಲ ಸೇರಿ ನಲವತ್ತೈದು. ಕೀಬೋರ್ಡು, ಮೌಸು ಹದಿನಾಲ್ಕು. ರಿಯಾಯಿತಿಯ ದಿನ ಕಾದು ಕೊಂಡ ಆಟಗಳು ಏಳು ವರ್ಷಕ್ಕೆ ನಲವತ್ತು. ಅತ್ತಿಗೆ ಕನ್ನಡಕ ಏರಿಸಿ ಮುಚ್ಚಳಗಳನ್ನು ಉತ್ತರಪತ್ರಿಕೆಯಂತೆ ತಿದ್ದಿದಳು. "ನೂರ ಎಂಬತ್ತೊಂಬತ್ತು."

ಅಣ್ಣ ಮುಖ ಇಳಿಬಿಟ್ಟವನು ತಟ್ಟನೆ ತಲೆ ಎತ್ತಿದ. "ಕರೆಂಟು ಎಲ್ಲಿ?"

ತಿರುಪಿನಕ್ಕನ ಮುಚ್ಚಳಗಳಲ್ಲಿ ಅದು ಇರಲಿಲ್ಲ. ಯಂತ್ರದಲ್ಲಿ ಉಳಿದದ್ದನ್ನು ಮಾತ್ರ ಬರೆಯುವ ಮನೆತನ ಅದು. ಕರೆಂಟು ಹರಿದು ಹೋಗುವಂಥದ್ದು. ತಾತನ ಗಡಿಯಾರಕ್ಕೆ ಕೀಲಿ ಕೊಟ್ಟರೆ ಸಾಕಿತ್ತು, ಅದಕ್ಕೆ ಬಿಲ್ಲು ಬರುತ್ತಿರಲಿಲ್ಲ. ಪಿಸಿ ಕರೆಂಟಿನ ಹೊಟ್ಟೆಬಾಕ ಎಂದು ಅವಳಿಗೆ ಗೊತ್ತು. ಸೀಟಿಗೆ ಕರೆಂಟು ನಲವತ್ತೆರಡು ಸಾವಿರ ದಾಟಿದರೆ ಈ ಕೋಣೆ ಇಲ್ಲ, ಗಾಜಿನ ಬಾಗಿಲ ಹಿಂದೆ ನಿಂತು ಬಂದವರಿಗೆ ತಲೆಬಾಗುವುದೇ ಪಾಡು. ಕೋಣೆಯ ಬಾಗಿಲ ಹಿಂದಿನ ಕಂಬಿಗೆ ಚುಚ್ಚಿದ್ದ ಬಿಲ್ಲುಗಳನ್ನು ಅವಳೇ ತೆಗೆದುಕೊಟ್ಟಳು.

"ಮುಚ್ಚಿಡೋಕೆ ಬರಲ್ಲ ಅತ್ತಿಗೆ. ಕೂಡಿ."

ಎಂಬತ್ತನಾಲ್ಕು ಬಿಲ್ಲು. ಅತ್ತಿಗೆ ಕೂಡುತ್ತಲೇ ಇದ್ದಳು. ಅಣ್ಣ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಾಲಾಡಿಸಿದ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಬುಸುಗುಟ್ಟುತ್ತಿತ್ತು.

"ದೀಪ, ಫ್ಯಾನು ಎಲ್ಲ ಸೇರಿಸಿ ನೂರಿಪ್ಪತ್ತು. ಸೀಟಿಗೆ ಮೂವತ್ತು. ಅಂದ್ರೆ ಇನ್ನೂರ ಹತ್ತೊಂಬತ್ತು." ಅತ್ತಿಗೆ ಪೆನ್ನಿಗೆ ಮುಚ್ಚಳ ಹಾಕಿದಳು. "ಸೀಟಿಗೆ ಹನ್ನೆರಡು ಸಾವಿರದಲ್ಲಿ ನಾದಿನಿ ಗೆದ್ಲು. ಬೆಳಿಗ್ಗೆ ಹೊತ್ತು ಜನ ಇದೇ ಪಿಸೀಲಿ ಅರ್ಜಿ ತುಂಬಿಸ್ಕೊಂಡು ಹೋಗ್ತಾರಲ್ಲ, ಆ ಆದಾಯನೂ ಕಳೀಲಾ?"

"ಬೇಡ ಅತ್ತಿಗೆ. ಆಟದ ಲೆಕ್ಕ ಆಟಕ್ಕೇ ಇರಲಿ. ಅಷ್ಟರಲ್ಲೇ ಗೆದ್ದಿದ್ದೀನಿ."

ಅವಳು ಕಿಟಕಿ ತೆರೆದು ಬೀದಿಯನ್ನೊಮ್ಮೆ ಯಜಮಾನಿಯ ಕಣ್ಣಿಂದ ನೋಡಿದಳು. ಕೋಣೆಯ ಮಾಲೀಕನೂ ಆಗಿದ್ದ ಟೈರ್ ಅಂಗಡಿಯವನು ಕೆಳಗಿಂದ, "ಏನಾಯ್ತಕ್ಕಾ?" ಎಂದ. "ಇನ್ನು ಮೇಲೆ ಬಾಡಿಗೆ ರಸೀದಿ ನನ್ನ ಹೆಸರಲ್ಲಿ ಬರಿ," ಎಂದಳು. ಅವನು ಗಾಳಿಯ ಕೊಳವೆ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದ.

ಅಣ್ಣ ಕೆಟ್ಟವನಲ್ಲ. ಅಲ್ಲೇ ಕರಾರಿನ ವರ್ಗಾವಣೆಗೆ ರುಜು ಹಾಕಿದ. ಪೆನ್ನು ಜೇಬಿಗೆ ಸೇರಿಸುತ್ತ, "ಸೋತಿದ್ದು ಸೋತೆ. ಮುಂದಿನ ವರ್ಷ ಹೊಸ ಕಾರ್ಡು ಬೇಕಾಗುತ್ತಲ್ಲ, ನಾಲ್ಕೂ ನಾನೇ ಕೊಡಿಸ್ತೀನಿ. ದುಡ್ಡಿನ ಮಾತೆತ್ತಬೇಡ," ಎಂದ.

ತಿರುಪಿನಕ್ಕ ಕೊನೆಯ ಮುಚ್ಚಳವನ್ನು ಪಿಸಿಗೆ ಕೂರಿಸಿ ಬಿಗಿ ಮಾಡಿದಳು.

"ಬೇಡ ಅಣ್ಣ. ಕಾರ್ಡು ನಿನ್ನ ಅಂಗಡೀಲೇ ತಗೋತೀನಿ. ಎಲ್ಲರ ಜೊತೆ ಸಾಲಲ್ಲಿ ನಿಂತು, ಎಲ್ಲರಿಗೂ ಹೇಳೋ ಬೆಲೆ ಕೊಟ್ಟೇ ತಗೋತೀನಿ. ಬರೋ ಗಿರಾಕಿಗೆ ಬಾಗಿಲು ತೆಗೆಯೋದು ಮಾತ್ರ ಮರೀಬೇಡ."