ಮುಚ್ಚಳಿಕೆಗೆ ರುಜು ಹಾಕದವಳು

ಹನ್ನೊಂದು ವರ್ಷ ಗಂಡನ ರಜೆ ಚೀಟಿ ಬರೆದವಳು ಜೋಗುಪಾಳ್ಯದ ಆದಿಲಕ್ಷ್ಮಿ. ಗಂಡ ಶ್ರೀರಾಮಪ್ಪ ದೊಡ್ಡನೆಕ್ಕುಂದಿ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಭಾನುವಾರ ಕುಡಿದು ಬಿದ್ದರೆ ಸೋಮವಾರ ಏಳುತ್ತಿರಲಿಲ್ಲ. ಪಕ್ಕದ ಮನೆಯ ಮುಕ್ತಾರ್ ಅದೇ ಕಾರ್ಖಾನೆಯ ಬಸ್ಸಿಗೆ ಹೊರಡುವಾಗ ಅವಳು ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಜ್ವರ, ಭೇದಿ, ಬೆನ್ನುನೋವು. ಮಾಲೂರಿನ ದೊಡ್ಡಪ್ಪನನ್ನಂತೂ ಮೂರು ಸಲ ಸಾಯಿಸಿದ್ದಳು.

"ಅಕ್ಕ, ಈ ಸಲ ಬೇರೆ ಯಾರನ್ನಾದ್ರೂ ಸಾಯ್ಸಿ. ಆಫೀಸಲ್ಲಿ ನಗ್ತಾರೆ," ಎಂದಿದ್ದ ಮುಕ್ತಾರ್.

೧೯೯೭ರ ಆಷಾಢದಲ್ಲಿ ಚೀಟಿ ಸಾಲದಾಯಿತು. ಹೆಂಡತಿಯನ್ನು ಕರೆದುಕೊಂಡು ಬಾ ಎಂದರು ಆಫೀಸಿನವರು. ಅಲ್ಲಿ ಅದೊಂದು ಪದ್ಧತಿ: ಕುಡುಕ ತಲೆ ತಗ್ಗಿಸಿ ನಿಲ್ಲಬೇಕು, ಅವನು ಇನ್ನು ಕುಡಿಯುವುದಿಲ್ಲವೆಂದು ಹೆಂಡತಿ ಮುಚ್ಚಳಿಕೆಗೆ ರುಜು ಹಾಕಬೇಕು. ಯಾವ ಸೀಮೆಯ ನ್ಯಾಯ ಇದು? ಸೀಸೆ ಎತ್ತುವವನು ಅವನು, ಜವಾಬು ಹೇಳುವವಳು ಇವಳು. ಯೂನಿಯನ್ನಿನ ಗಂಡಸರೂ ಈ ಬಗ್ಗೆ ಉಸಿರೆತ್ತಿದವರಲ್ಲ.

ಸಾಹೇಬರು ಟೈಪು ಮಾಡಿದ ಹಾಳೆ ತಳ್ಳಿದರು. "ಇಲ್ಲಿ ಸೈನ್ ಹಾಕಮ್ಮ. ಗಂಡನ್ನ ಸ್ವಲ್ಪ ಬಿಗಿಯಾಗಿ ಇಟ್ಕೋಬೇಕು."

"ಎಮ್ಮೆನಾ ಸಾರ್, ಕಟ್ಟಿಹಾಕೋಕೆ?"

ಜೊತೆಗೆ ಬಂದಿದ್ದ ಅತ್ತೆ ಮುನಿಲಕ್ಷ್ಮಮ್ಮ ಬೆನ್ನಿಗೆ ತಿವಿದಳು. "ಹಾಕೇ ಸುಮ್ನೆ. ಕೆಲ್ಸ ಹೋದ್ರೆ ಮಣ್ಣು ತಿಂತೀರಾ?"

ಆದಿಲಕ್ಷ್ಮಿಗೂ ಆ ಭಯವಿತ್ತು. ಗಾರ್ಮೆಂಟ್ಸಿನ ಅವಳ ಸಂಬಳದಲ್ಲಿ ಮನೆ ನಡೆಯದು. ಆದರೆ ಇವತ್ತು ರುಜು ಹಾಕಿದರೆ ನಾಳೆ ಅವನು ಕುಡಿದದ್ದೂ ಇವಳ ತಪ್ಪೇ. ಅವಳು ಗಂಡನ ಕಡೆ ತಿರುಗಿದಳು.

"ನೋಡ್ರೀ, ಕುಡಿಯೋದು ನೀವು, ಬರ್ಕೊಡೋದೂ ನೀವೇ. ಇನ್ಮೇಲೆ ಚೀಟಿ ಬರಿಯಲ್ಲ. ಕುಡ್ದು ಬಂದ್ರೆ ಬಾಗ್ಲು ತೆಗಿಯಲ್ಲ. ಕುಡಿತ ಬಿಡ್ಸೋ ಆಸ್ಪತ್ರೆಗೆ ಸೇರ್ತೀನಿ ಅಂದ್ರೆ ಈಗ್ಲೇ ಜೊತೆಗೆ ಬರ್ತೀನಿ."

"ಇಲ್ಲಿ ನನ್ ಮರ್ಯಾದೆ ತೆಗಿತೀಯಾ?"

"ಹನ್ನೊಂದು ವರ್ಷ ನಂದು ತೆಗ್ದಿದ್ದೀರಲ್ಲ."

ಶ್ರೀರಾಮಪ್ಪನನ್ನು ಒಂದು ತಿಂಗಳು ಸಸ್ಪೆಂಡ್ ಮಾಡಿದರು. ಬೀದಿಯವರೆಲ್ಲ ಬೈದದ್ದು ಆದಿಲಕ್ಷ್ಮಿಯನ್ನೇ. ಅವನು ಮರುದಿನ ಸಂಜೆಯೇ ಕುಡಿದು ಬಂದು ಬಾಗಿಲು ಒದ್ದ. ಅವಳು ತೆಗೆಯಲಿಲ್ಲ. ಹಿಂದಿನ ಬೀದಿಯಲ್ಲಿದ್ದ ಮುನಿಲಕ್ಷ್ಮಮ್ಮ ಸೊಸೆಗೆ ಹಿಡಿಶಾಪ ಹಾಕುತ್ತ ಮಗನನ್ನು ತನ್ನ ಮನೆಗೆ ಕರೆದೊಯ್ದಳು.

ಮೂರನೆಯ ವಾರ ಅತ್ತೆಯೇ ಸೊಸೆಯ ಮನೆಗೆ ಬಂದಳು. ಬೈಯುವ ತ್ರಾಣ ಉಳಿದಿರಲಿಲ್ಲ.

"ನನ್ ಕೈಲೂ ಆಗಲ್ಲ ಕಣೇ. ಆ ಆಸ್ಪತ್ರೆ ಎಲ್ಲೈತೆ?"

"ಕೂತ್ಕೊಳ್ಳಿ ಅತ್ತೆ, ಕಾಫಿ ಕುಡೀರಿ," ಎಂದಳು ಆದಿಲಕ್ಷ್ಮಿ. "ಅದನ್ನ ಅವ್ರೇ ಬಂದು ಕೇಳ್ಲಿ."