ಟ್ರಂಕಿನಲ್ಲಿದ್ದ ಹೊಸ ಕಾರ್ಡು

ಗೆಳೆಯರೇ, ಇವತ್ತು ಇಳಕಲ್ಲಿನ ದವಾಖಾನೆಯಲ್ಲಿ ಎಲ್ಲರೆದುರು ಕೂಗಿದವಳು ನಾನೇ.

ಒಬ್ಬೊಬ್ಬರಿಗೂ ಒಂದು ಕಾರ್ಡು ಕೊಟ್ಟು ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿಡುವ ಸರ್ಕಾರಿ ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳುವುದು ನನ್ನ ಈಗಿನ ಕೆಲಸ. ಬೆಳಿಗ್ಗೆ ಒಂದು ನೇಕಾರರ ಮನೆಗೆ ಹೋಗಿದ್ದೆ. ಮನೆಯ ಹಿರಿಯಳು ಗಂಗವ್ವ ಯೋಜನೆಯನ್ನು ಬಹಳ ಹೊಗಳಿದಳು. “ನನ್ನ ಒಂದ ಕಾರ್ಡಿನಾಗ ಮನಿಮಂದಿ ಎಲ್ಲಾ ತೋರಿಸ್ಕೊಂಡು ಬರ್ತೇವ್ರಿ.”

“ಉಳಿದವರ ಕಾರ್ಡು?”

“ಟ್ರಂಕಿನಾಗ ಅದಾವ್ರಿ. ಹೊಸಾವು, ಯಾಕ ಹೊಲಸು ಮಾಡೂದು?”

ಅವರವರ ಕಾರ್ಡನ್ನು ಅವರವರೇ ಬಳಸಬೇಕೆಂದು ತಿಳಿಸಿ ಹೇಳಿದೆ. ಜ್ವರ ಬಂದಿದ್ದ ಸೊಸೆ ಸಾವಿತ್ರಿ ತನ್ನ ಹೊಸ ಕಾರ್ಡು ತೆಗೆದುಕೊಂಡು ಗಂಡನ ಜೊತೆ ದವಾಖಾನೆಗೆ ಹೊರಟಳು. ನನಗೆ ಹೆಮ್ಮೆಯೆನಿಸಿತು.

ಚಹಾ ಕೊಡುತ್ತಾ ಗಂಗವ್ವ ಅಂದಳು, “ಹೋದ ವರ್ಷ ಸೂಜಿ ಮಾಡಿದ್ದು ಒಗ್ಗದ ಸಾವಿತ್ರಿ ಮಾರಿ ಬಾತು, ಉಸಿರು ಕಟ್ಟಿತ್ತು. ಮತ್ತ ಆ ಔಷಧ ಕೊಡಬ್ಯಾಡ್ರಿ ಅಂತ ಡಾಕ್ಟರು ನನ್ನ ಕಾರ್ಡಿನಾಗ ಬರ್ದಾರ.”

ಕಪ್ಪು ಕೆಳಗಿಟ್ಟು ದವಾಖಾನೆಗೆ ಓಡಿದೆ. ಸಾವಿತ್ರಿ ತೋಳು ಚಾಚಿ ಕುಳಿತಿದ್ದಳು. “ಸೂಜಿ ಮಾಡಬ್ಯಾಡ್ರಿ!” ಎಂದು ಕೂಗಿದೆ.

ನರ್ಸ್ ಕಂಪ್ಯೂಟರ್ ನೋಡಿದರು. “ಈಕಿದೇನೂ ಇಲ್ಲಲ್ರಿ ಇದರಾಗ. ನೀವು ಯಾರು?”

“ಈಕಿ ಅತ್ತಿ ಗಂಗವ್ವನ ಹೆಸರಿಲೆ ನೋಡ್ರಿ.”

ನೋಡಿದರು. ಸಿರಿಂಜಿನಲ್ಲಿದ್ದ ಔಷಧದ ಹೆಸರೇ ಅಲ್ಲಿತ್ತು. ಸಿರಿಂಜನ್ನು ತಟ್ಟೆಗಿಟ್ಟರು.

ಅಷ್ಟರಲ್ಲಿ ಗಂಗವ್ವ ಏದುಸಿರು ಬಿಡುತ್ತಾ ಬಂದಳು. “ನೋಡ್ರಿ ಅಕ್ಕಾರ, ನನ್ನ ಕಾರ್ಡ ಒಯ್ದಿದ್ರ ಇಷ್ಟೆಲ್ಲಾ ಆಗ್ತಿತ್ತೇನು?”

ಈ ಅಭಿಪ್ರಾಯವನ್ನು ದೂರು ಎಂದು ಬರೆಯಲೋ, ಹೊಗಳಿಕೆ ಎಂದು ಬರೆಯಲೋ?